ಚೂಪು ತಳದ ದೋಣಿ

ಗುಮಾಸ್ತನಿಗೆ ನಿಜವಾಗಿ ಬೇಕಾಗಿದ್ದು ದೋಣಿಯಲ್ಲ, ಮನುಷ್ಯರ ದನಿಯಿಲ್ಲದ ಒಂದು ಭಾನುವಾರ. ನೀರು ಸರಬರಾಜು ಕಚೇರಿಯಲ್ಲಿ ವಾರವೆಲ್ಲ ದೂರು ಕೇಳಿ ಕೇಳಿ ಅವನ ಕಿವಿಗಳು ಹಳೆಯ ಕಾಲೊರಸಿನಂತೆ ಸವೆದಿದ್ದವು. ಮನೆಗೆ ಬಂದರೆ ಪಕ್ಕದ ಮನೆಯ ಕಂಡಕ್ಟರು ಕಾಂಪೌಂಡಿನ ಮೇಲೆ ಗಲ್ಲವೂರಿ ಕಾದಿರುತ್ತಿದ್ದರು. ಬಸ್ಸಿನ ಕೆಲಸದಿಂದ ಅವರು ನಿವೃತ್ತರಾಗಿದ್ದರೂ ಅವರ ಬಾಯಿ ನಿವೃತ್ತವಾಗಿರಲಿಲ್ಲ. ಕೆರೆಯ ನಡುವೆ ಗಾಳ ಹಾಕಿ ಕೂತರೆ ಮೀನುಗಳಾದರೂ ಸುಮ್ಮನಿರುತ್ತವಲ್ಲ ಎಂದುಕೊಂಡ ಗುಮಾಸ್ತ.

ಕೆರೆದಂಡೆಯ ಅಂಗಡಿಯಲ್ಲಿ ಎರಡು ಪುಟ್ಟ ಅಲ್ಯೂಮಿನಿಯಂ ದೋಣಿಗಳಿದ್ದವು. ಒಂದರ ತಳ ಮಣೆಯಂತೆ ಚಪ್ಪಟೆ, ಇನ್ನೊಂದರದು ಗಿಣಿಮೂಗಿನಂತೆ ಚೂಪು. ಶನಿವಾರ ಬೆಳಗ್ಗೆ ನೋಡಿಬರಲು ಅವನು ಸದ್ದಿಲ್ಲದೆ ಹೊರಟ. ಅಂಗಡಿ ಮುಟ್ಟುವ ಹೊತ್ತಿಗೆ ಬೆನ್ನ ಹಿಂದೆ ಹೆಂಡತಿಯಿದ್ದಳು, ಅವಳ ಹಿಂದೆ ಕಂಡಕ್ಟರಿದ್ದರು.

ಚಪ್ಪಟೆ ದೋಣಿ ನೀರಿಗಿಳಿಯಿತು. ಕಂಡಕ್ಟರು ಅದರೊಳಗೆ ಬಸ್ಸಿನಲ್ಲಿ ಟಿಕೆಟ್ ಕೊಡುವವರಂತೆ ಈ ತುದಿಯಿಂದ ಆ ತುದಿಗೆ ನಡೆದರು. ದೋಣಿ ಮಿಸುಕಲಿಲ್ಲ.

"ಇದೇ ತಗೊಳ್ಳಿ, ಅಕ್ಕ, ಭಾವ, ಮಕ್ಕಳು ಎಲ್ಲಾ ಹಿಡಿಸ್ತಾರೆ," ಎಂದಳು ಹೆಂಡತಿ. ಕಂಡಕ್ಟರು ತಮಗೆ ಕಿಟಕಿ ಪಕ್ಕ ಬೇಕೆಂದರು.

ಗುಮಾಸ್ತನಿಗೆ, ಏಳು ಸಮುದ್ರ ದಾಟಿ ತಪಸ್ಸಿಗೆ ಹೊರಟ ರಾಜಕುಮಾರನ ಹಿಂದೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊರಟಂತಾಯಿತು.

ಆಮೇಲೆ ಚೂಪು ತಳದ್ದು ಇಳಿಯಿತು. ಕಂಡಕ್ಟರು ಒಂದು ಕಾಲಿಟ್ಟರೋ ಇಲ್ಲವೋ, ದೋಣಿ ಮುನಿಸಿಕೊಂಡ ಸೊಸೆಯಂತೆ ಸರಕ್ಕನೆ ಹೊರಳಿತು. ಅವರು ಎದೆಮಟ್ಟದ ನೀರಿನಲ್ಲಿ ನಿಂತಿದ್ದರು, ತಲೆಯ ಮೇಲೆ ಪಾಚಿ. ಹೆಂಡತಿ ನಾಲ್ಕು ಹೆಜ್ಜೆ ಹಿಂದೆ ಸರಿದಳು. ಇಂಥದ್ದಕ್ಕೆ ತನ್ನ ಕಡೆಯವರು ಯಾರೂ ಹತ್ತುವುದಿಲ್ಲವೆಂದು ಸಾರಿದಳು.

ಯಾರೂ ಹತ್ತದ ದೋಣಿ! ಗುಮಾಸ್ತ, ಚೂಪು ತಳಕ್ಕೆ ಅಲೆ ಸೀಳುವ ಗುಣವಿದೆ, ಅದೂ ಇದೂ ಎಂದು ಬಾಯಿಗೆ ಬಂದದ್ದು ಹೇಳಿ, ರಸೀದಿ ಬರೆಸಿಬಿಟ್ಟ.

ಅಂಗಡಿಯವನು ರಸೀದಿ ಕೊಡುತ್ತಾ, "ಒಬ್ರೇ ಹಿಂದೆ ಕೂತ್ರೆ ಇದರ ಮೂತಿ ಮೇಲೇಳುತ್ತೆ ಸಾರ್. ಮುಂದೆ ನಿಮ್ಮಷ್ಟೇ ಭಾರ ಇರ್ಬೇಕು," ಎಂದ.

ಮರಳಿನ ಮೂಟೆ ಇಟ್ಟುಕೊಳ್ಳುತ್ತೇನೆ ಎಂದ ಗುಮಾಸ್ತ.

"ನೀವು ಮುಳುಗಿದ್ರೆ ಮರಳು ಈಜ್ಕೊಂಡು ಬಂದು ನಂಗೆ ಸುದ್ದಿ ಹೇಳುತ್ತಾ?" ಎಂದಳು ಹೆಂಡತಿ. "ಜೊತೆಗೆ ಒಬ್ರು ಇರ್ಲೇಬೇಕು. ಇಲ್ಲಾಂದ್ರೆ ಚಪ್ಪಟೆದೇ ತಗೊಳ್ಳಿ, ಎಲ್ಲಾರೂ ಹೋಗೋಣ."

ಮೂಲೆಯಲ್ಲಿ ಮೀನು ತೂಗುವ ಯಂತ್ರವಿತ್ತು. ಅವಳು ಗಂಡನನ್ನು ಹತ್ತಿಸಿದಳು: ಎಪ್ಪತ್ತೆರಡು ಕಿಲೋ. ನೀರು ತೊಟ್ಟಿಕ್ಕುತ್ತಿದ್ದ ಕಂಡಕ್ಟರು ಕರೆಯದೆಯೇ ಹತ್ತಿದರು. ಮುಳ್ಳು ಅತ್ತಿತ್ತ ಓಲಾಡಿ ಎಪ್ಪತ್ತೆರಡಕ್ಕೇ ಬಂದು ನಿಂತಿತು. ಈಜು ಬರುತ್ತದೆಯೇ ಎಂದು ಅವಳು ಕೇಳಿದಳು. ಬಾಲ್ಯದಲ್ಲಿ ಈಜು ಕಲಿತ ಕತೆಯನ್ನು ಅವರು ಅಲ್ಲಿಂದಲೇ ಶುರುಮಾಡಿದರು.

ಭಾನುವಾರ ಬೆಳಗ್ಗೆ ಕೆರೆಯ ನಟ್ಟನಡುವೆಯೂ ಆ ಕತೆ ಮುಗಿದಿರಲಿಲ್ಲ. ಕಂಡಕ್ಟರು ಮುಂದಿನ ಹಲಗೆಯಲ್ಲಿ, ಗುಮಾಸ್ತನ ಮುಖಕ್ಕೆ ಮುಖ ಕೊಟ್ಟು ಕೂತಿದ್ದರು. ಸ್ವಲ್ಪ ಆ ಕಡೆ ತಿರುಗಿ ಕೂರಬಾರದೇ ಎಂದು ಅವನು ಅಂಗಲಾಚಿದ.

"ಬೇಡಪ್ಪ, ನಾನು ಅಲುಗಾಡಿದ್ರೆ ದೋಣಿ ಮಗುಚುತ್ತೆ," ಎಂದರು ಕಂಡಕ್ಟರು. "ಅದಕ್ಕೇ ನೋಡು, ಬಾಯೊಂದನ್ನೇ ಆಡಿಸ್ತಿದೀನಿ."