ಪಿಕಪ್ ಇಳಿಸಿದ ಪ್ರಸಂಗ

ಈ ಭಾನುವಾರದೊಳಗೆ ನನ್ನ ಗಿಟಾರಿನಿಂದ ಹಾಲಿನಂಥ ಸ್ವರ ಹೊರಡಿಸದಿದ್ದರೆ ನನ್ನ ಹೆಸರು ಹಾಲೇಶನೇ ಅಲ್ಲ! ಹೊಳಲ್ಕೆರೆಯ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ನಿಂತು ಹೀಗೆಂದು ನಾನು ಘೋಷಿಸಿದಾಗ, ನನ್ನ ಹೆಂಡತಿ ಚೈತ್ರಾ ಅಡುಗೆಮನೆಯಿಂದ ಇಣುಕಿದಳು.

"ಹೆಸರು ಬದಲಾಯಿಸೋದಾದ್ರೆ ಆಧಾರ್ ಕಾರ್ಡಿನಾಗೂ ಬದಲಾಯಿಸ್ಬೇಕಾಗ್ತೈತೆ. ಈಗ್ಲೇ ಒಂದು ರಜೆ ಬರೆದಿಟ್ಟಿರ್ರಿ."

ನಾನು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಮೈದಾನದಲ್ಲಿ ನಿಂತು 'ಸಾವಧಾನ್' ಎಂದರೆ, ಕಾಂಪೌಂಡಿನಾಚೆ ಬಸ್ಸಿಗೆ ಕಾಯುವವರೂ ನೆಟ್ಟಗೆ ನಿಲ್ಲುತ್ತಾರೆ. ಇಂಥ ಗಂಟಲಿನ ಗಂಡಸಿಗೆ ಸಂಗೀತ ಒಲಿಯಿತೇ ಎಂದು ಕೇಳಬೇಡಿ. ಚಿತ್ರದುರ್ಗದ ನನ್ನ ಗೆಳೆಯ ಪ್ರದೀಪ್ ಕಾಲೇಜು ದಿನಗಳಲ್ಲಿ ತಲೆ ಕೊಡವಿ ಕಿರುಚುವ ಒಂದು ವಾದ್ಯವೃಂದದಲ್ಲಿದ್ದ. ಮನೆಯಲ್ಲಿ ಕೂಸು ಹುಟ್ಟಿತು, ಕೂಸು ಕಿರುಚುವುದೇ ಸಾಕಾಯಿತು, ಗಿಟಾರನ್ನು ನನ್ನ ಕೊರಳಿಗೆ ಕಟ್ಟಿದ. ಕಪ್ಪು ಬಣ್ಣದ ಎಲೆಕ್ಟ್ರಿಕ್ ಗಿಟಾರು, ಮೈಮೇಲೊಂದು ತಲೆಬುರುಡೆಯ ಚಿತ್ರ. ಆಯುಧಪೂಜೆಯ ದಿನ ಚೈತ್ರಾ ಆ ಬುರುಡೆಗೂ ವಿಭೂತಿ ಹಚ್ಚಿದಳು.

ಆದರೆ ಒಂದು ವಿಷಯ ನನಗೆ ತಡವಾಗಿ ಹೊಳೆಯಿತು. ಈ ಗಿಟಾರು ಮನೆಗೆ ಬಂದಾಗಿನಿಂದ ಚೈತ್ರಾ ಹಾಡುವುದನ್ನು ನಿಲ್ಲಿಸಿದ್ದಳು. ಮೊದಲೆಲ್ಲ ರೊಟ್ಟಿ ತಟ್ಟುವಾಗ ತನ್ನ ಅವ್ವನ ಬೀಸೋ ಪದವೊಂದನ್ನು ಗುನುಗುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅದನ್ನು ಕೇಳುವುದಕ್ಕೆಂದೇ ನಾನು ಹಸಿವಿಲ್ಲದಿದ್ದರೂ ಇನ್ನೊಂದು ರೊಟ್ಟಿ ಕೇಳುತ್ತಿದ್ದೆ. ಈ ಹೊಟ್ಟೆ ಬಂದದ್ದು ಹಾಗೆ, ಬೇರೆ ಕಾರಣವಿಲ್ಲ!

"ಯಾಕೆ ಹಾಡಲ್ಲ ಈಗ?" ಎಂದು ಕೇಳಿದೆ.

"ನನಗೆ ಬರೋದೇ ಅರ್ಧ. ಉಳಿದರ್ಧ ಅವ್ವಂಗೇ ಮರೆತು ಹೋಗ್ತಾ ಐತೆ. ಭಾನುವಾರ ಬಂದಾಗ ಕುಂದ್ರಿಸ್ಕೊಂಡು ಹಾಡಿಸ್ಬೇಕು ಅಂತ ಆಸೆ. ಕಲಿತ್ಕೊಂಡು ಬಿಡ್ಬೇಕು ರೀ, ಇಲ್ಲಾಂದ್ರೆ ಅದು ಹೋಗೇ ಹೋಗ್ತೈತೆ."

ನನ್ನ ಎದೆ ಉಬ್ಬಿತು. "ನಾನು ಗಿಟಾರ್ ನುಡಿಸ್ತೀನಿ! ರಾಗ ಕಿವಿಗೆ ಬಿದ್ರೆ ಅತ್ತೆಗೆ ಪದ ತಾನೇ ನೆನಪಾಗ್ತೈತೆ!" ಎಂದೆ. ಮೇಲಿನ ಘೋಷಣೆ ಹುಟ್ಟಿದ್ದು ಅಲ್ಲೇ.

ತಂತಿ ಮೀಟಿದೆ. ಘರ್ರ್ರ್! ಬೋರ್‌ವೆಲ್ ಲಾರಿ ಬಂಡೆಗೆ ಬಾಯಿ ಹಾಕಿದ ಸದ್ದು. ಸ್ಪೀಕರ್ ಪೆಟ್ಟಿಗೆಯ ಸದ್ದು ಇಳಿಸಿದೆ. ಆಗಲೂ ಅದೇ ಘರ್ರ್ರ್, ಯಾರೋ ಹಲ್ಲು ಕಚ್ಚಿಕೊಂಡು ಮೆಲ್ಲಗೆ ಬೈದ ಹಾಗೆ.

"ಕ್ಲೀನ್ ಬರ್ತಾ ಇಲ್ಲ ಕಣೇ!"

"ಒದ್ದೆ ಬಟ್ಟೆ ಕೊಡ್ಲೇನ್ರಿ?"

"ಆ ಕ್ಲೀನ್ ಅಲ್ಲ! ಸ್ವರ ಕ್ಲೀನ್ ಬರ್ಬೇಕು!"

ಚೈತ್ರಾಳಿಗೂ ಕೇಳಲೆಂದು ಫೋನಿನ ಸ್ಪೀಕರ್ ಹಾಕಿ ಪ್ರದೀಪನಿಗೆ ಫೋನ್ ಮಾಡಿದೆ. ಅವನು ನಕ್ಕ. "ಲೇ ಹಾಲೇಶಿ, ಅದು ಕಿರುಚೋಕೇ ಅಂತ ಮಾಡಿಸಿದ ಗಿಟಾರು. ತಂತಿ ಕೆಳಗೆ ಎರಡು ಕಪ್ಪು ಪಟ್ಟಿ ಅವೆ ನೋಡು, ಅವೇ ಪಿಕಪ್. ಒಳಗೆ ಅಯಸ್ಕಾಂತ ಐತೆ, ಭಾರೀ ಜೋರಿನವು. ತಂತಿ ಒಂಚೂರು ಅಲುಗಿದ್ರೆ ಬೆಟ್ಟ ಅಲುಗಿದಂಗೆ ಪೆಟ್ಟಿಗೆಗೆ ಚಾಡಿ ಹೇಳ್ತವೆ. ಅವನ್ನ ಸ್ಕ್ರೂ ತಿರುಗಿಸಿ ತಂತಿಯಿಂದ ಕೆಳಗೆ ಇಳಿಸು. ಆಮೇಲೆ ಗಿಟಾರ್ ಮೇಲಿನ ಸದ್ದಿನ ಗುಂಡಿ ಕಮ್ಮಿ ಮಾಡು. ಮೆಲ್ಲಗೆ ಮೀಟು."

ಇಳಿಸು ಎನ್ನುವವರೆಗೆ ಮಾತ್ರ ನಾನು ಕೇಳಿಸಿಕೊಂಡೆ. ಗುಂಡಿಯ ಮಾತು ನನ್ನ ಕಿವಿಗೆ ಬೀಳಲಿಲ್ಲ. ಅದು ಮೊದಲ ದಿನದಿಂದ ಹತ್ತಕ್ಕೆ ಹತ್ತರಲ್ಲಿತ್ತು. ಹತ್ತಕ್ಕೆ ಐದು ತೆಗೆದುಕೊಳ್ಳಲು ನಾನೇನು ಹಿಂದಿನ ಬೆಂಚಿನವನೇ?

ಸ್ಕ್ರೂ ಕೆಲಸಕ್ಕೆ ನನ್ನ ಬಾಮೈದ ಮುರುಗೇಶನೇ ಸರಿ ಅನ್ನಿಸಿತು. ತಾಳ್ಯದವನು, ಸೈಕಲ್ಲಿನಿಂದ ಮೋಟಾರಿನವರೆಗೆ ಏನನ್ನಾದರೂ ಬಿಚ್ಚಿ ಜೋಡಿಸುತ್ತಾನೆ. ಶುಕ್ರವಾರ ಮೈದಾನದಿಂದಲೇ, ಕಬಡ್ಡಿ ಗದ್ದಲದ ನಡುವೆ, ಅವನಿಗೆ ಫೋನ್ ಮಾಡಿದೆ.

"ಮುರುಗೇಶಾ, ಸಂಜೆ ಮನೆ ಹತ್ರ ಎರಡು ಪಿಕಪ್ ಇಳಿಸ್ಬೇಕು ಕಣಪ್ಪ!"

"ಎರಡು ಪಿಕಪ್ಪಾ ಭಾವ?"

"ಹೂಂ, ಎರಡೂ ಭಾರೀ ಅವೆ. ನನ್ನೊಬ್ಬನ ಕೈಲಾಗಲ್ಲ. ನಿಧಾನಕ್ಕೆ ಇಳಿಸ್ಬೇಕು, ಒಂಚೂರೂ ಗೀರು ಬೀಳಬಾರದು!"

"ಚಿಂತೆ ಬಿಡ್ರಿ ಭಾವ. ಎಲ್ಲಾ ವ್ಯವಸ್ಥೆ ಮಾಡ್ಕೊಂಡು ಬರ್ತೀನಿ."

ಎಂಥ ಚುರುಕು ಹುಡುಗ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಈ ಹುಡುಗ ಈರುಳ್ಳಿ ಸಾಗಿಸಲು ಒಂದು ಗಾಡಿ ಇಟ್ಟಿದ್ದಾನೆ, ಆ ಗಾಡಿಗೂ ನಮ್ಮ ಕಡೆ ಪಿಕಪ್ ಅಂತಲೇ ಅನ್ನುತ್ತಾರೆ ಎನ್ನುವುದು ಆ ಕ್ಷಣಕ್ಕೆ ನೆನಪಾಗಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ!

ಸಂಜೆ ಮನೆ ಮುಂದೆ ಗಾಡಿ ನಿಂತಿತು. ಹಿಂದುಗಡೆಯಿಂದ ಹಮಾಲರಾದ ನಿಂಗಪ್ಪ, ಚಿತ್ತಪ್ಪ ಧುಮುಕಿದರು. ಹೆಗಲ ಮೇಲೆ ಗೋಣಿತಾಟು, ಕೈಯಲ್ಲಿ ಹಗ್ಗ. ಮುಂದಿನ ಸೀಟಿನಿಂದ ನನ್ನ ಅತ್ತೆ ದಾಕ್ಷಾಯಣಮ್ಮ, ಕಂಕುಳಲ್ಲಿ ಗಂಟಿನ ಸಮೇತ, ಸಾವಕಾಶ ಇಳಿದರು.

"ಎರಡು ಗಾಡಿ ಸಾಮಾನು ಬಂದೈತಂತೆ ಅಳಿಯಂದ್ರ ಮನೆಗೆ ಅಂದ ಮುರುಗೇಶ. ನೋಡಾಣ ಅಂತ ನಾನೂ ಬಂದೆ. ಮಂಚ ಏನವ್ವ ಚೈತ್ರಾ? ಬೀರುನಾ?"

ಮಹಡಿಯಿಂದ ಮನೆ ಮಾಲೀಕ ಮೂರ್ತಪ್ಪನವರೂ ಇಳಿದು ಬಂದರು. ಹಗ್ಗ ಕಂಡು ಅವರ ಮುಖ ಅರಳಿತು. "ಮನೆ ಖಾಲಿ ಮಾಡ್ತಿದೀರಾ ಮೇಷ್ಟ್ರೇ?"

"ಇಲ್ಲ ಸರ್."

ಅರಳಿದ ಮುಖ ಮುದುಡಿತು.

"ಎಲ್ಲಿ ಭಾವ ಗಾಡಿಗಳು?" ಎಂದು ಮುರುಗೇಶ ಬೀದಿಯ ಎರಡೂ ತುದಿ ನೋಡಿದ. ನಾನು ಒಳಗೆ ಕರೆದುಕೊಂಡು ಹೋಗಿ ಗಿಟಾರಿನ ಎರಡು ಕಪ್ಪು ಪಟ್ಟಿ ತೋರಿಸಿದೆ. ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿತ್ತಪ್ಪ ಬಗ್ಗಿ, ತುಂಬ ಗೌರವದಿಂದ ಕೇಳಿದ: "ಇವನ್ನ ಇಳಿಸಾಕೆ ಹಗ್ಗ ಬೇಕಾಗ್ತೈತಾ ಸಾರ್?"

ಚೈತ್ರಾ ಸೆರಗು ಬಾಯಿಗೆ ಹಿಡಿದು ಅಡುಗೆಮನೆಗೆ ಓಡಿದಳು. ನಗು ಅಲ್ಲಿಂದ ಕೇಳಿಸುತ್ತಲೇ ಇತ್ತು. ಕೊನೆಗೆ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ, ಚಹಾ ಬಂದವು. ನನ್ನ ಮಾನ ಅದರ ಜೊತೆ ಬಟ್ಟಲು ಬಟ್ಟಲಾಗಿ ಹಂಚಿಹೋಯಿತು.

ಮುರುಗೇಶ ಮಾತ್ರ ಬಂದ ಕೆಲಸ ಬಿಡುವವನಲ್ಲ. ಗಾಡಿಯಿಂದ ಸ್ಕ್ರೂಡ್ರೈವರ್ ತಂದು, ತಿರುಗಿಸಿ ತಿರುಗಿಸಿ ಎರಡೂ ಪಿಕಪ್ ಇಳಿಸಿದ. "ಭಾನುವಾರದವರೆಗೆ ಯಾಕೆ ಅತ್ತೆ, ಆ ಬೀಸೋ ಪದ ಈಗ್ಲೇ ಹಾಡ್ರಿ!" ಎಂದು ನಾನು ಜನರ ನಡುವೆ ಕುಳಿತು, ಗುಂಡು ಎಸೆಯುವವನ ಹಾಗೆ ತೋಳು ಬೀಸಿ ತಂತಿ ಮೀಟಿದೆ.

ಘರ್ರ್! ಒಂದು 'ರ' ಕಮ್ಮಿ, ಅಷ್ಟೇ. ಮೂರ್ತಪ್ಪನವರ ಚಹಾ ಲುಂಗಿಯ ಮೇಲೆ ಚೆಲ್ಲಿತು. ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು.

"ಅಳಿಯಂದ್ರೇ, ಇದ್ರಾಗೆ ನಾನು ಎಲ್ಲಿ ಹಾಡ್ಲಿ? ನನಗೆ ಬರೋ ಎರಡು ಸಾಲೂ ಓಡಿಹೋದ್ವಲ್ಲ!"

ಚೈತ್ರಾಳ ಮುಖ ನೋಡಿದೆ. ನಗು ಹೋಗಿತ್ತು. ಕಣ್ಣು ಒದ್ದೆಯಾಗಿತ್ತು. ನನಗೆ ನಿಜಕ್ಕೂ ನೋವಾಯಿತು. ಅವಳಿಗೆ ಹಾಡು ಉಳಿಸಿಕೊಡಲು ಹೋಗಿ ನಾನೇ ಅದನ್ನು ಓಡಿಸಿದ್ದೆ.

"ಇನ್ನೂ ಜೋರಾಗಿ ಮೀಟಿದ್ರೆ…" ಎಂದೆ.

"ಸುಮ್ನಿರ್ರಿ." ಚೈತ್ರಾ ಪಕ್ಕದಲ್ಲಿ ಬಂದು ಕುಳಿತಳು. ಗಿಟಾರಿನ ಮೇಲಿದ್ದ ಗುಂಡಿಯನ್ನು ಎರಡು ಬೆರಳಿನಲ್ಲಿ ಹಿಡಿದು ಹಿಂದಕ್ಕೆ ತಿರುಗಿಸಿದಳು. ಹತ್ತು, ಎಂಟು, ಐದು. ಆಮೇಲೆ ನನ್ನ ಕೈ ಮೇಲೆ ಕೈಯಿಟ್ಟಳು. "ಈಗ ಮೆಲ್ಲಕೆ. ಕೂಸಿನ ಕೆನ್ನೆ ಮುಟ್ಟಿದಂಗೆ."

ಮೀಟಿದೆ. ಒಂದೇ ಒಂದು ಸ್ವರ, ತೊಳೆದಿಟ್ಟಷ್ಟು ಸ್ವಚ್ಛ, ಮನೆ ತುಂಬ ನಿಂತಿತು. ಚೈತ್ರಾ ಗುನುಗಿದಳು:

"ಮೆಲ್ಲಕೆ ತಿರುಗವ್ವ ಬೀಸೋ ಕಲ್ಲೇ,
ತೊಟ್ಟಿಲ ಕೂಸು ಎದ್ದಾತು…"

ಅವಳಿಗೆ ಬರುತ್ತಿದ್ದದ್ದು ಅಷ್ಟೇ. ಮತ್ತೆ ಮೀಟಿದೆ. ಅತ್ತೆಯ ಬಲಗೈ, ಅಲ್ಲಿಲ್ಲದ ಬೀಸೋ ಕಲ್ಲಿನ ಗೂಟ ಹಿಡಿದಂತೆ, ಗಾಳಿಯಲ್ಲೇ ತಿರುಗತೊಡಗಿತು. ಕಣ್ಣು ಮುಚ್ಚಿಕೊಂಡರು.

"ಕೂಸೆದ್ರೆ ಎತ್ತಾಕೆ ಯಾರವ್ರೆ ಮನೆಯಾಗೆ,
ತೌರವ್ರು ದೂರ ಉಳಿದವ್ರೆ…"

ಬಂದಿತ್ತು! ಮರೆತ ಸಾಲು ಬಂದಿತ್ತು! ಚೈತ್ರಾ ಅವ್ವನ ಮೊಣಕಾಲು ಹಿಡಿದುಕೊಂಡು, ತುಟಿಯಲ್ಲೇ ಆ ಸಾಲನ್ನು ಹೇಳಿಕೊಳ್ಳುತ್ತಿದ್ದಳು. ನಿಂಗಪ್ಪ ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿದ್ದ. ಮೂರ್ತಪ್ಪನವರು ಲುಂಗಿಯನ್ನು ಮರೆತಿದ್ದರು. ನನಗೆ ಗಂಟಲು ಕಟ್ಟಿ ಬಂತು. ಕಟ್ಟಿದ್ದು ಹಾಗೇ ಇರಬಾರದಿತ್ತೇ? ಸಂತೋಷ ತಡೆಯಲಾರದೆ ಒಡೆದುಕೊಂಡಿತು.

"ಕ್ಲೀನ್ ಬಂತೂ! ಚೈತ್ರಾ, ಕ್ಲೀನ್ ಬಂತೂಊಊ!"

ಮೈದಾನದ ದನಿ, ಪೂರ್ತಿ ಹತ್ತಕ್ಕೆ ಹತ್ತು. ಬೀದಿಯ ನಾಯಿ ಬೊಗಳಿತು. ನಿಂಗಪ್ಪ, ಚಿತ್ತಪ್ಪ ಎದ್ದು ನೆಟ್ಟಗೆ ನಿಂತರು. ಅತ್ತೆಯ ಕೈ ಗಾಳಿಯಲ್ಲೇ ನಿಂತಿತು. "ಎಲ್ಲಿದ್ದೆನವ್ವ ನಾನು?"

"ತೌರವ್ರು ದೂರ ಉಳಿದವ್ರೆ ಅನ್ನೋ ತಾವ ಅವ್ವ. ನನಗೆ ಬಂತು, ಇನ್ನು ಹೋಗಲ್ಲ," ಎಂದು ಚೈತ್ರಾ ಕಣ್ಣೊರೆಸಿಕೊಂಡಳು. "ಮೊದಲಿಂದ ಹಾಡಾಣ."

ಆಮೇಲೆ ನನ್ನ ಗಂಟಲನ್ನೇ ಪ್ರೀತಿಯಿಂದ ನೋಡುತ್ತಾ, ತಮ್ಮನ ಕಡೆ ಕೈ ಚಾಚಿದಳು.

"ಲೇ ಮುರುಗೇಶ, ಆ ಸ್ಕ್ರೂಡ್ರೈವರ್ ಇತ್ತ ಕೊಡು. ಇನ್ನೂ ಒಂದು ಪಿಕಪ್ ಇಳಿಸೋದು ಬಾಕಿ ಐತೆ."