ಯಾವ ಹುಲಿ, ಸಾರ್?

ಪುಸ್ತಕ ಆರಿಸುವುದು ತಣ್ಣಗೆ ಕೂತು ಮಾಡುವ ಕೆಲಸ ಎಂದು ನೀವು ತಿಳಿದಿದ್ದರೆ ಅದು ನಿಮ್ಮ ಪುಣ್ಯ. ನಾನು ಆರಿಸಿದ ಒಂದು ಪುಸ್ತಕವೂ ಜಗಳವಿಲ್ಲದೆ ಶಾಲೆಯ ಕಪಾಟು ಸೇರಿದ್ದಿಲ್ಲ. ಸೇರಿದ ಮೇಲೂ ಸುಮ್ಮನೆ ಕೂತದ್ದಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಆಡಳಿತ ಮಂಡಳಿಗೆ ಮೂರು ಪ್ರಾಥಮಿಕ ಶಾಲೆಗಳಿದ್ದವು: ಉಡುಪಿಯಲ್ಲೊಂದು, ಕಾಪುವಿನಲ್ಲೊಂದು, ಕಾರ್ಕಳದಲ್ಲೊಂದು. ನಾನು ಉಡುಪಿಯ ಶಾಲೆಯಲ್ಲಿ ಟೀಚರ್. ರಾಜ ರಾಣಿಯ ಕಥೆ, ನೀತಿಕಥೆ ಎಲ್ಲ ಸಾಕಷ್ಟಾಯಿತು, ಮಕ್ಕಳಿಗೆ ಇನ್ನು ಸ್ವಲ್ಪ ನಿಜದ ಪುಸ್ತಕ ಕೊಡಬೇಕು ಎಂದು ನನಗೆ ಹಟ. ನಿಜದ ಪುಸ್ತಕವೆಂದರೆ ಮಳೆ ಹೇಗೆ ಬರುತ್ತದೆ, ರೈಲು ಹೇಗೆ ಓಡುತ್ತದೆ, ಯಾವ ಪ್ರಾಣಿ ಏನು ತಿನ್ನುತ್ತದೆ ಎಂದು ದೊಡ್ಡ ದೊಡ್ಡ ಬಣ್ಣದ ಚಿತ್ರ ಹಾಕಿ ಹೇಳುವಂಥವು.

ಶಾಲೆಗಳ ಸಂಚಾಲಕರಿಗೆ ಇದು ಹಿಡಿಸಲಿಲ್ಲ. "ಚಿತ್ರ ನೋಡ್ಲಿಕ್ಕೆ ಪುಸ್ತಕ ಯಾಕೆ ಟೀಚರೇ? ಬ್ಯಾಂಕಿನವರು ವರ್ಷ ವರ್ಷ ಕ್ಯಾಲೆಂಡರ್ ಧರ್ಮಕ್ಕೆ ಕೊಡ್ತಾರಲ್ಲ!" ಎಂದರು. ಮನುಷ್ಯ ಕೆಟ್ಟವರಲ್ಲ. ಮನೆಯಲ್ಲಿ ಮದುವೆಗೆ ಬಂದ ಮೂವರು ಹೆಣ್ಣುಮಕ್ಕಳಿದ್ದರು, ಆ ಚಿಂತೆ ಒಂದೇ. ಊರಿನ ಯಾವ ಹುಡುಗನ ಹೆಸರು ಕಿವಿಗೆ ಬಿದ್ದರೂ ಅವರ ಬಾಯಿಂದ ಮೊದಲು ಬರುತ್ತಿದ್ದ ಮಾತು, "ಕೆಲಸ ಪರ್ಮನೆಂಟಾ?"

ಕೊನೆಗೆ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. "ಒಂದು ವರ್ಷ ನೋಡುವ. ಇನ್‌ಸ್ಪೆಕ್ಟರು ಬಂದಾಗ ಈ ಪುಸ್ತಕದಿಂದಲೇ ಪ್ರಶ್ನೆ ಕೇಳಿಸ್ತೇನೆ. ಮಕ್ಕಳು ಹೇಳದಿದ್ದರೆ ಕಪಾಟು ಆಫೀಸಿಗೆ, ನಿಮ್ಮ ಪುಸ್ತಕ ಅಟ್ಟಕ್ಕೆ."

ನನಗೆ ಮೂಗಿನ ತುದಿಯಲ್ಲೇ ಕೋಪ. "ಆಗಲಿ, ಕೇಳಿಸಿ" ಎಂದುಬಿಟ್ಟೆ. ಮನೆಗೆ ಹೋದ ಮೇಲೆ ಹೆದರಿಕೆಯಾಯಿತು.

ಹಾಲು ಕೊಡುವ ಮೀನು

ನಮ್ಮ ಹೆಡ್‌ಮಾಷ್ಟ್ರು ಶುದ್ಧ ಆಚಾರದವರು. ಕಪಾಟಿನ ನೆತ್ತಿಯ ಮೇಲೆ ಸರಸ್ವತಿಯ ಪಟ ಇಟ್ಟು, ದಿನಾ ಒಂದು ದಾಸವಾಳ ಏರಿಸಿ, ಆಮೇಲೆಯೇ ಬಾಗಿಲು ತೆರೆಯುತ್ತಿದ್ದರು. ನಾನು ತಂದ ಮೊದಲ ಕಟ್ಟಿನಲ್ಲಿ ಕಡಲಿನ ಜೀವಿಗಳ ಪುಸ್ತಕವೊಂದಿತ್ತು. ರಕ್ಷಾಪುಟದ ತುಂಬ ಬಾಯಿ ತೆರೆದ ತಿಮಿಂಗಿಲ.

"ಎಂತ ಟೀಚರೇ ಇದು? ಸರಸ್ವತಿಯ ಕಾಲಬುಡದಲ್ಲಿ ಮೀನು ಇಡುವುದಾ?"

"ಸಾರ್, ಇದು ಮೀನಲ್ಲ."

"ಮೀನಲ್ಲದೆ ಮತ್ತೆಂತ, ಸೌತೆಕಾಯಿಯಾ?"

ನಾನು ಪುಟ ತೆರೆದು ತೋರಿಸಿದೆ. ತಿಮಿಂಗಿಲ ಮೀನಲ್ಲ, ಮೊಟ್ಟೆ ಇಡುವುದಿಲ್ಲ, ಮರಿ ಹಾಕಿ ಹಾಲು ಕುಡಿಸುತ್ತದೆ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಹೆಡ್‌ಮಾಷ್ಟ್ರು ಕನ್ನಡಕ ಏರಿಸಿ ಎರಡು ಸಲ ಓದಿದರು. ಮುಖ ಅರಳಿತು.

"ಹಾಲು ಕೊಡ್ತದಾ? ಅದನ್ನು ಮೊದಲೇ ಹೇಳಬಾರದಾ ಮಾರಾಯ್ತಿ!" ಎಂದು ಪುಸ್ತಕವನ್ನು ತಾವೇ ಒಳಗೆ ಇಟ್ಟರು.

ಮರುದಿನ ನೋಡುತ್ತೇನೆ, ತಿಮಿಂಗಿಲ ಸಾಕುಪ್ರಾಣಿಗಳ ಸಾಲಿನಲ್ಲಿ ಹಸುವಿಗೂ ಎಮ್ಮೆಗೂ ನಡುವೆ ಕೂತಿದೆ.

ಇಷ್ಟೆಲ್ಲ ಐಸು

ಮಣಿಪಾಲದ ಒಂದು ಅಂಗಡಿಯವರು ಪುಸ್ತಕಗಳನ್ನು ನೋಡಿ ಹಿಂದಿರುಗಿಸಲು ಕೊಡುತ್ತಿದ್ದರು. ಅವನ್ನು ಚೀಲದಲ್ಲಿ ತುಂಬಿಸಿ, ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ, ಮೂರೂ ಶಾಲೆಯ ಮಕ್ಕಳ ಮುಂದೆ ಹಿಡಿದು, ಅವರ ಮುಖ ನೋಡಿ ಆರಿಸುವುದು ನನ್ನ ಪದ್ಧತಿ. ನನ್ನ ಮನೆಯವರು ಇದನ್ನು ಹೆಣ್ಣು ನೋಡುವ ಶಾಸ್ತ್ರ ಎಂದು ತಮಾಷೆ ಮಾಡುತ್ತಿದ್ದರು.

ಋತುಗಳ ಪುಸ್ತಕವೊಂದನ್ನು ಕಾಪುವಿಗೆ ಒಯ್ದೆ. ಯಾವುದೋ ಚಳಿದೇಶದವರು ಬರೆದ ಚಿತ್ರಗಳು, ಕೆಳಗೆ ಕನ್ನಡ. ಚಳಿಗಾಲದ ಪುಟದಲ್ಲಿ ಮನೆ, ಮರ, ಬೇಲಿ ಎಲ್ಲದರ ಮೇಲೂ ಮೊಣಕಾಲೆತ್ತರ ಬಿಳಿ ಹಿಮ. ನನಗೇ ನೋಡಿ ಮೈ ಜುಮ್ಮೆಂದಿತು. ಮಕ್ಕಳೂ ಬೆರಗಾಗುತ್ತಾರೆ ಎಂದು ಪುಸ್ತಕವನ್ನು ಎತ್ತಿ ಹಿಡಿದೆ.

"ಇದು ಎಂತ ಹೇಳಿ ನೋಡುವ?"

"ಐಸು!" ಎಂದು ಇಡೀ ತರಗತಿ ಕೂಗಿತು. ದಿನಾ ಬೆಳಿಗ್ಗೆ ಮೀನಿನ ಲಾರಿಗೆ ಐಸು ತುಂಬುವುದನ್ನು ನೋಡಿ ಬೆಳೆದ ಮಕ್ಕಳು. ಬೆರಗು ಎಲ್ಲಿಂದ ಬರಬೇಕು?

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಎದ್ದು ಬಂದು, ಚಿತ್ರಕ್ಕೆ ಮೂಗು ತಾಗಿಸಿ ಮೂಲೆ ಮೂಲೆ ಹುಡುಕಿದಳು. ಬೇಲಿಯ ಹಿಂದೆಯೂ ನೋಡಿದಳು. ಆಮೇಲೆ ಬಹಳ ಬೇಸರದಿಂದ ಕೇಳಿದಳು:

"ಇಷ್ಟೆಲ್ಲ ಐಸು ಹಾಕಿದ್ದಾರಲ್ಲ ಟೀಚರ್, ಬಂಗುಡೆ ಮೀನು ಎಲ್ಲಿ?"

ಅಂಗಿಗೆ ಆಗುವಷ್ಟು

ಕುರಿ ನಮ್ಮ ಕಡೆ ಅಪರೂಪ. ನಮ್ಮ ಶಾಲೆಯ ಎರಡನೇ ತರಗತಿಯ ಮಕ್ಕಳಿಗೆ ಉಣ್ಣೆಯ ಪುಸ್ತಕ ತೋರಿಸಿ, "ಮೈಯಿಂದ ಉಣ್ಣೆ ತೆಗೆಯುತ್ತಾರೆ, ತೊಳೆಯುತ್ತಾರೆ, ನೂಲು ಮಾಡಿ ಅಂಗಿ ಹೆಣೆಯುತ್ತಾರೆ" ಎಂದು ಓದಿ ಹೇಳಿದೆ. ಎಲ್ಲರೂ ಮುಖ ಹುಳಿ ಮಾಡಿಕೊಂಡರು. ಒಬ್ಬನಿಗೆ ಮಾತ್ರ ಎಲ್ಲಿಲ್ಲದ ಉತ್ಸಾಹ.

"ಟೀಚರ್, ನಮ್ಮ ದನದ ಕಿವಿಯೊಳಗೆ ತುಂಬ ಉಂಟು! ಅಪ್ಪ ದಿನಾ ತೆಗೆದು ತೆಗೆದು ಬೆಂಕಿಗೆ ಹಾಕ್ತಾರೆ."

ನಾನು ಹೇಳಿದ್ದು ಉಣ್ಣೆ. ಅವರು ಕೇಳಿಸಿಕೊಂಡದ್ದು ದನದ ರಕ್ತ ಹೀರುವ ಉಣ್ಣಿ. ವ್ಯತ್ಯಾಸ ತಿಳಿಸಿ ಹೇಳಲು ನನಗೆ ಅರ್ಧ ಪೀರಿಯಡ್ ಹಿಡಿಯಿತು. ಎಲ್ಲ ಮುಗಿಸಿ ಬೆವರು ಒರೆಸಿಕೊಳ್ಳುವಾಗ ಅದೇ ಹುಡುಗ ಮತ್ತೆ ಕೈ ಎತ್ತಿದ.

"ಹಾಗಾದರೆ ಅಪ್ಪನಿಗೆ ಸುಡಬೇಡಿ ಅಂತ ಹೇಳ್ಲಿಕ್ಕಿಲ್ಲವಾ? ಬನಿಯನ್ನಿಗೂ ಆಗುವುದಿಲ್ಲವಾ?"

ಬೈಂಡು

ಕಾರ್ಕಳದ ಶಾಲೆಗೆ ಮನುಷ್ಯ ಶರೀರದ ಪುಸ್ತಕ ಕೊಟ್ಟಿದ್ದೆ. ಎಲುಬು, ಹೃದಯ, ಹೊಟ್ಟೆ ಎಲ್ಲ ಚಂದದ ಚಿತ್ರಗಳು. ಒಂದು ಪುಟದಲ್ಲಿ ಮಾತ್ರ ಇಡೀ ಮನುಷ್ಯ ಹುಟ್ಟುಡುಗೆಯಲ್ಲಿ ನಿಂತಿದ್ದ. ಅಲ್ಲಿನ ಮಾಷ್ಟ್ರಿಗೆ ಪುಸ್ತಕವನ್ನು ಹಿಂದೆ ಕಳಿಸಲು ಮನಸ್ಸಿಲ್ಲ, ಹಾಗೆಯೇ ಮಕ್ಕಳ ಕೈಗೆ ಕೊಡಲು ಧೈರ್ಯವಿಲ್ಲ. ಪುಸ್ತಕಕ್ಕೆ ಬೈಂಡು ಹಾಕುವ ಕಂದು ಕಾಗದದಲ್ಲಿ ಒಂದು ಚಡ್ಡಿ ಕತ್ತರಿಸಿ, ಗೋಂದು ಹಚ್ಚಿ, ಆ ಮನುಷ್ಯನಿಗೆ ತೊಡಿಸಿಬಿಟ್ಟರು. ನಾನು ಹೋದ ದಿನ ಹೆಮ್ಮೆಯಿಂದ ತೋರಿಸಿದರು. ಹೊಲಿಗೆ ಚೆನ್ನಾಗಿತ್ತು, ಜೇಬು ಕೂಡ ಬರೆದಿದ್ದರು.

"ಮಕ್ಕಳ ಕಣ್ಣಿಗೆ ಇಂಥದ್ದೆಲ್ಲ ಬೀಳಬಾರದು, ಅಲ್ವಾ ಟೀಚರೇ?"

ನಾನು ಬಾಯಿ ತೆರೆಯುವ ಮೊದಲೇ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಕಿಟಕಿಯಾಚೆ ಗುಡ್ಡದ ಕಡೆ ಕೈ ತೋರಿಸಿ, ನಿಜವಾದ ಕಾಳಜಿಯಿಂದ ಕೇಳಿದಳು:

"ಸಾರ್, ಮೇಲಿನ ಗೊಮ್ಮಟನಿಗೆ ಬೈಂಡು ಹಾಕ್ಲಿಕ್ಕೆ ಎಷ್ಟು ಕಾಗದ ಬೇಕಾದೀತು?"

ಯಾವ ಹುಲಿ?

ನವರಾತ್ರಿ ರಜೆ ಮುಗಿದು ಉಡುಪಿಯ ನಮ್ಮ ಶಾಲೆ ತೆರೆದ ವಾರವೇ ಇನ್‌ಸ್ಪೆಕ್ಟರು ಬಂದರು. ಘಟ್ಟದ ಮೇಲಿನವರು, ಈ ಕಡೆಗೆ ಹೊಸಬರು, ನಗುವುದು ಇಲಾಖೆಯ ನಿಯಮಕ್ಕೆ ವಿರುದ್ಧ ಎಂಬಂಥ ಮುಖ. ಸಂಚಾಲಕರು ಅವರ ಪಕ್ಕದಲ್ಲೇ ಕುರ್ಚಿ ಹಾಕಿಸಿ ಕೂತು, ಕಪಾಟಿನಿಂದ ಕಾಡುಪ್ರಾಣಿಗಳ ಪುಸ್ತಕ ತೆಗೆದು ಕೈಗೆ ಕೊಟ್ಟರು. ಇಷ್ಟು ದಿನ ಬಸ್ಸಿನಲ್ಲಿ ಹೊತ್ತು ತಿರುಗಿದ ಪುಸ್ತಕಗಳು ಇನ್ನು ಅಟ್ಟದ ಇಲಿಗಳ ಪಾಲಾಗುತ್ತವೋ ಏನೋ ಎಂದು ಅಳುವೇ ಬರುವಂತಿತ್ತು.

ಇನ್‌ಸ್ಪೆಕ್ಟರು ಚಿತ್ರ ಮಕ್ಕಳಿಗೆ ಕಾಣದಂತೆ ಪುಸ್ತಕವನ್ನು ತಮ್ಮ ಕಡೆಗೇ ತಿರುಗಿಸಿ ಹಿಡಿದು, ಮೂರನೇ ತರಗತಿಯ ಒಬ್ಬಳನ್ನು ಎಬ್ಬಿಸಿದರು. ಎರಡು ಜಡೆಯ, ಗಟ್ಟಿ ಸ್ವರದ ಹುಡುಗಿ.

"ಹುಲಿ ಎಲ್ಲಿ ವಾಸಿಸುತ್ತದೆ?"

"ಬನ್ನಂಜೆಯಲ್ಲಿ ಸಾರ್. ನಮ್ಮ ಮನೆಯ ಹಿಂದೆ."

ಸಂಚಾಲಕರು ನನ್ನ ಕಡೆ ನೋಡಿದರು. ನಾನು ಸರಸ್ವತಿಯ ಕಡೆ ನೋಡಿದೆ.

"ಏನು ತಿನ್ನುತ್ತದೆ?"

"ಗೋಳಿಬಜೆ ಸಾರ್. ಬಿಸಿ ಇದ್ದರೆ ಮಾತ್ರ."

"ಅದರ ಮೈಮೇಲೆ ಪಟ್ಟೆ ಯಾಕಿದೆ?"

"ಅದು ಪೈಂಟು. ತೆಗೀಲಿಕ್ಕೆ ಸೀಮೆಎಣ್ಣೆ ಬೇಕು."

ಆಗ ನನಗೆ ಹೊಳೆಯಿತು. ನವರಾತ್ರಿಯಲ್ಲಿ ಊರಿಡೀ ತಾಸೆ ಬಡಿದುಕೊಂಡು ಕುಣಿದ ಹುಲಿವೇಷದ ಬಣ್ಣ ಇನ್ನೂ ಎಷ್ಟೋ ಜನರ ಕಿವಿಯ ಹಿಂದೆ ಉಳಿದಿತ್ತು. ಇವಳು ಆ ಹುಲಿಯನ್ನು ಹೇಳುತ್ತಿದ್ದಳು. ಬಾಯಿ ಹಾಕೋಣವೆಂದರೆ ಇನ್‌ಸ್ಪೆಕ್ಟರು ಕೈ ಎತ್ತಿ ನನ್ನನ್ನು ತಡೆದರು.

"ಒಂದು ಸಲಕ್ಕೆ ಎಷ್ಟು ಮರಿ ಹಾಕುತ್ತದೆ?"

ಹುಡುಗಿಗೆ ನಾಚಿಕೆಯಾಯಿತು. ಜಡೆ ಕಚ್ಚಿಕೊಂಡು ಮೆಲ್ಲಗೆ ಹೇಳಿದಳು, "ಅವರಿಗೆ ಇನ್ನೂ ಮದುವೆ ಆಗ್ಲಿಲ್ಲ ಸಾರ್."

ಇನ್‌ಸ್ಪೆಕ್ಟರು ಪುಸ್ತಕವನ್ನು ಪಟ್ಟನೆ ಮುಚ್ಚಿದರು. "ಇದನ್ನೆಲ್ಲ ನಿನಗೆ ಈ ಪುಸ್ತಕದಲ್ಲಿ ಹೇಳಿಕೊಟ್ಟರೋ?"

"ಇಲ್ಲ ಸಾರ್! ಪುಸ್ತಕದ್ದು ಬೇರೆ ಹುಲಿ," ಎಂದಳು ಅವಳು, ಇಷ್ಟು ದೊಡ್ಡವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ಕನಿಕರದಲ್ಲಿ. "ಅದು ಕಾಡಿನಲ್ಲಿ ಇರ್ತದೆ. ಜಿಂಕೆ, ಹಂದಿ ತಿನ್ತದೆ. ಹುಲ್ಲಿನ ನಡುವೆ ಅಡಗಿದರೆ ಕಾಣಬಾರದು ಅಂತ ಅದಕ್ಕೆ ಪಟ್ಟೆ. ಎರಡೋ ಮೂರೋ ಮರಿ ಹಾಕ್ತದೆ, ಕಣ್ಣು ಬಿಡುವವರೆಗೆ ತಾಯಿ ಗುಹೆಯಲ್ಲಿ ಅಡಗಿಸಿ ಇಡ್ತದೆ. ನೀವು ಯಾವ ಹುಲಿ ಅಂತ ಹೇಳಲೇ ಇಲ್ಲವಲ್ಲ!"

ಹೆಡ್‌ಮಾಷ್ಟ್ರು ಬಗ್ಗಿ ಹುಲಿವೇಷದ ಸಂಗತಿಯನ್ನು ಕಿವಿಯಲ್ಲಿ ಹೇಳಿದರು. ಇನ್‌ಸ್ಪೆಕ್ಟರು ನಕ್ಕರು ನೋಡಿ, ಇಲಾಖೆಯ ನಿಯಮವೆಲ್ಲ ಗಾಳಿಗೆ ಹಾರಿತು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, "ತಪ್ಪು ನನ್ನ ಪ್ರಶ್ನೆಯದ್ದು. ಸ್ವಾಮಿ, ಈ ಕಪಾಟನ್ನು ಯಾರೂ ಮುಟ್ಟಬಾರದು" ಎಂದರು.

ಎಲ್ಲರೂ ಸಂಚಾಲಕರ ಒಪ್ಪಿಗೆಗಾಗಿ ತಿರುಗಿದೆವು. ಅವರಿಗೆ ಇದೊಂದೂ ಕೇಳಿಸಿದಂತಿರಲಿಲ್ಲ. ಕುರ್ಚಿಯನ್ನು ಹುಡುಗಿಯ ಹತ್ತಿರಕ್ಕೆ ಎಳೆದುಕೊಂಡಿದ್ದರು.

"ಅಲ್ಲ ಮಗಾ, ನಿಮ್ಮ ಮನೆಯ ಹಿಂದಿನ ಆ ಹುಲಿ ಬಾಕಿ ದಿನ ಎಂತ ಮಾಡ್ತದೆ?"

"ಬ್ಯಾಂಕಿಗೆ ಹೋಗ್ತದೆ."

ಸಂಚಾಲಕರ ಕಣ್ಣು ಮಿಂಚಿತು. "ಪುಸ್ತಕ ಎಷ್ಟು ಬೇಕಾದರೂ ತರಿಸಿ ಟೀಚರೇ," ಎಂದು ನನಗೆ ಕೈ ಬೀಸಿ, ಹುಡುಗಿಯ ಕಡೆ ಇನ್ನಷ್ಟು ಬಗ್ಗಿ, ಸ್ವರ ತಗ್ಗಿಸಿ ಕೇಳಿದರು:

"ಪರ್ಮನೆಂಟಾ?"