ಅತ್ತೆಯೂ ಕುದುರೆಗೆ ನೀರು ಕುಡಿಸದ ರಾಜನೂ

ಮೋರ್ಚಾ ನಿಲ್ಲಿಸಲು ಪೊಲೀಸರೇ ಬೇಕೆಂದಿಲ್ಲ, ನಮ್ಮ ಸೋದರತ್ತೆ ಒಬ್ಬರು ಸಾಕು! ತಮಾಷೆಯೆಂದರೆ, ಅವರಿರುವುದು ಮೋರ್ಚಾದವರ ಪಕ್ಷದಲ್ಲೇ.

ಮೈಸೂರಿನಿಂದ ಮದುವೆಯಾಗಿ ವಡಾಲಕ್ಕೆ ಬಂದ ಅತ್ತೆ, ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ನಿವೃತ್ತರಾದವರು ತೀರ್ಥಯಾತ್ರೆಗೆ ಹೊರಡುತ್ತಾರೆ. ಇವರು ಬೀದಿಗಿಳಿದರು. ಇಳಿಯಲಿ, ಬೇಡವೆಂದವರಾರು? ಆದರೆ ಜೊತೆಗೆ ಇತಿಹಾಸವನ್ನೂ ಇಳಿಸಬೇಕೆ?

ಒಮ್ಮೆ ಧಾರಾವಿಯಲ್ಲಿ ನಲ್ಲಿನೀರಿಗಾಗಿ ಮೆರವಣಿಗೆ. ಮುಂದಿದ್ದ ತರುಣ, "ಸಾವಿರ ವರ್ಷದಿಂದ ನಮಗೆ ನೀರಿಲ್ಲ!" ಎಂದು ಕೂಗಿದ. ಅತ್ತೆ ತಮ್ಮ ಮೈಸೂರು ಹಿಂದಿಯಲ್ಲಿ ತಡೆದರು: "ಸಾವಿರ ವರ್ಷದ ಹಿಂದೆ ಇದೆಲ್ಲ ಜೌಗು, ಇಲ್ಲಿ ನೀರು ಬಿಟ್ಟರೆ ಬೇರೇನೂ ಇರಲಿಲ್ಲ, ಮಗಾ!" ದೋಷವಿಲ್ಲದ ಘೋಷಣೆ ಸಿದ್ಧವಾಗುವಷ್ಟರಲ್ಲಿ ಅರ್ಧ ಮೆರವಣಿಗೆ ಚಹಾ ಅಂಗಡಿಗಳಲ್ಲಿ ಕರಗಿಹೋಗಿತ್ತು. ಇನ್‌ಸ್ಪೆಕ್ಟರ್ ಅತ್ತೆಗೆ ಕೈಮುಗಿದು, "ಮೇಡಂ, ಕಲ್ ಭೀ ಆನಾ" ಎಂದರು, ನಾಳೆಯೂ ಬನ್ನಿ ಅಂತ!

ಇನ್ನೊಮ್ಮೆ ಎಲ್ಲರನ್ನೂ ಹಿಡಿದು ವ್ಯಾನಿಗೆ ಹತ್ತಿಸಿದರು. ಅತ್ತೆ ಸೆರೆಮನೆಗಳ ಉಗಮದಿಂದ ಪಾಠ ಶುರು ಮಾಡಿದರು. ಮೊದಲ ಸಿಗ್ನಲ್ಲಿನಲ್ಲೇ ಬಾಗಿಲು ತೆರೆಯಿತು. "ಪ್ಲೀಸ್, ಉತರಿಯೇ ಮೇಡಂ."

"ಯಾಕಿಳೀಬೇಕು? ಅರೆಸ್ಟ್ ಆಗೋದು ನನ್ನ ಹಕ್ಕು!"

ಇಂಥವರನ್ನು ಸಾಕ್ಷಿಗೆ ಕರೆಯುವ ಧೈರ್ಯ ಯಾರಿಗಿದೆ? ಕುರ್ಲಾದ ಒಂದು ಚಾಳಿನ ಸಾಲುಮನೆಯವರಿಗಿತ್ತು, ಪಾಪ! ಅವರ ಬಾವಿಯನ್ನು ಮುಚ್ಚಿ ಪಾರ್ಕಿಂಗ್ ಮಾಡುವ ಬಿಲ್ಡರ್ ಒಬ್ಬನ ಯೋಜನೆ ಬಂದಿತ್ತು. ಬಾವಿ ಉಳಿಸಲು ಚಾಳಿನವರು ಒಂದು ಕತೆ ಕಟ್ಟಿದ್ದರು: ಹಿಂದೊಬ್ಬ ರಾಜ ಇಲ್ಲಿ ಕುದುರೆಗೆ ನೀರು ಕುಡಿಸಿದ್ದನಂತೆ. ವಿಚಾರಣೆಗೆ ಬರುವ ಪಾಲಿಕೆಯ ಅಧಿಕಾರಿಯೆದುರು ಅದಕ್ಕೆ ಹೂಂ ಎನ್ನುವುದಷ್ಟೇ ಅತ್ತೆಯ ಕೆಲಸ. ಜೊತೆಗೆ ನಾನೂ ಹೋಗಿದ್ದೆ.

"ರಾಜ ಬಂದಿದ್ನಾ?" ಅಧಿಕಾರಿ ಕೇಳಿದರು.

"ಇಲ್ಲ," ಎಂದರು ಅತ್ತೆ. "ಈ ಬಾವಿ ಅಷ್ಟು ಹಳೇದೇ ಅಲ್ಲ. ಮಿಲ್ ಕೆಲಸಗಾರರು ತೋಡಿಕೊಂಡಿದ್ದು."

ಅಧಿಕಾರಿಯ ಮುಖ ಅರಳಿತು. ಹಿಂದಿನಿಂದ ಉಡುಪಿ ಕಡೆಯ ಹೆಂಗಸೊಬ್ಬಳು ಹಣೆ ಬಡಿದುಕೊಂಡಳು: "ಟೀಚರ್, ನೀವು ನಮ್ಮ ಕಡೆಯಾ, ಬಿಲ್ಡರ್ ಕಡೆಯಾ ಮಾರಾಯ್ರೆ?"

ಅತ್ತೆಗೆ ಕೇಳಿಸಿತೋ ಇಲ್ಲವೋ. ಅಧಿಕಾರಿಯ ಕಡೆಗೇ ತಿರುಗಿ ಗುಡುಗಿದರು: "ಕುದುರೆ ಒಂದು ದಿನ ಕುಡಿದಿದ್ರೆ ಉಳಿಸ್ತೀರಿ. ನಲ್ಲಿ ನಿಂತಾಗಲೆಲ್ಲ ಇವರು ಸೇದೋ ಬಾವೀನ ಮುಚ್ತೀರಾ? ಇವರು ಆ ಕುದುರೆಗಿಂತ ಕಡೆಯಾ?"

ಜನ ಹೋ ಎಂದರು. ಅಧಿಕಾರಿ ಬೆವರೊರೆಸಿಕೊಂಡು, "ನೋಡೋಣ, ಮುಂದಿನ ಮೀಟಿಂಗಿನಲ್ಲಿ" ಎಂದು ಎದ್ದುಬಿಟ್ಟರು.

ವಾಪಸಾಗುವಾಗ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಾನು ಕುದುರೆಯ ಮಾತು ನೆನೆದು ನಗುತ್ತಿದ್ದೆ. ಅತ್ತೆ ನಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ, "ಒಂದು ಸುಳ್ಳು ಹೇಳಿಬಿಡಬಹುದಿತ್ತು ಕಣೇ," ಎಂದರು. "ನಾಲಿಗೆ ಹೊರಳಲಿಲ್ಲ. ನಾಳೆ ಬಾವಿ ಮುಚ್ಚಿದ್ರೆ, ಆ ಹೆಂಗಸಿಗೆ ನಾನು ಯಾವ ಮುಖ ತೋರಿಸ್ಲಿ?"

ಅವರ ಕೈ ಹಿಡಿದುಕೊಂಡೆ. ಅತ್ತೆಯ ಬಾಯಲ್ಲಿ ಅವರಿಗೇ ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದನ್ನು ನಾನು ಕೇಳಿದ್ದು ಅದೇ ಮೊದಲು.

ನಾವಿಳಿಯಬೇಕಾದ ವಡಾಲ ಬಂತು. ಅವರು ಏಳಲಿಲ್ಲ, ನಾನೂ ಏಳಿಸಲಿಲ್ಲ.